ಕಂಡಕ್ಟರ್ ಗುರುಸ್ವಾಮಿಯವರ ನಾಲ್ಕು ಆಲ್ಬಮ್

ಗುರುಸ್ವಾಮಿಯವರು ನಾಣ್ಯ ಇಡುವ ಆಲ್ಬಮ್ ಕೊಳ್ಳುವ ಮೊದಲು ಅದನ್ನು ಮೂಸಿ ನೋಡುತ್ತಿದ್ದರು. ಸುಮ್ಮನೆ ಮೂಗಿನ ಹತ್ತಿರ ತರುವುದಲ್ಲ. ಹಾಳೆಗಳ ನಡುವೆ ಮೂಗು ತೂರಿಸಿ, ಕಣ್ಣು ಮುಚ್ಚಿ, ಎರಡು ಸಲ ಉಸಿರೆಳೆದುಕೊಂಡು ಆಮೇಲೆ ತೀರ್ಪು ಹೇಳುತ್ತಿದ್ದರು. ನಂಜನಗೂಡಿನ ಪೇಟೆಬೀದಿಯ ಸ್ಟೇಷನರಿ ಅಂಗಡಿಯವನು ಒಂದು ದಿನ ತಡೆಯಲಾರದೆ, “ಸಾ, ಅದೇನು ಕರಬೂಜದ ಅಣ್ಣಾ ಮೂಸಿ ನೋಡಾಕೆ? ತಕಂಡ್ರೆ ತಕಳಿ, ಇಲ್ದಿದ್ರೆ ಮಡಗಿ” ಅಂದ. ಗುರುಸ್ವಾಮಿಯವರು ಆಲ್ಬಮನ್ನು ಅವನ ಮೂಗಿಗೇ ಹಿಡಿದರು. “ನೀನೇ ನೋಡಪ್ಪ. ಒಸ ಬಸ್ಸಿನ ಸೀಟ್ ವಾಸ್ನೆ ಬತ್ತದೋ ಇಲ್ವೋ? ಈ ವಾಸ್ನೆ ಬಂದ್ರೆ ಮುಗೀತು. ಇದ್ರಲ್ಲಿ ಕಾಸು ಮಡಗೋದೂ ಒಂದೆ, ಉಪ್ಪಿನ್ಕಾಯಿ ಜಾಡೀಲಿ ಮಡಗೋದೂ ಒಂದೆ.”

ಬಸ್ಸಿನ ಸೀಟಿನ ವಾಸನೆ ಅವರಿಗೆ ತಿಳಿಯದೆ ಇನ್ಯಾರಿಗೆ ತಿಳಿದೀತು? ಮೂವತ್ತು ವರ್ಷಕ್ಕೂ ಮಿಕ್ಕಿ ಸರ್ಕಾರಿ ಬಸ್ಸಿನ ಕಂಡಕ್ಟರಾಗಿದ್ದವರು. ಹುಟ್ಟೂರು ಹೆಡತಲೆ, ಮನೆ ನಂಜನಗೂಡು, ಓಡಾಟವೆಲ್ಲ ಮೈಸೂರು, ನಂಜನಗೂಡು, ನರಸೀಪುರದ ನಡುವೆ. ಆಳು ಕುಳ್ಳಗೆ, ಗಟ್ಟಿಮುಟ್ಟು. ರಿಟೈರಾದ ಮೇಲೂ ನಿಂತರೆ ಕಾಲು ಅಗಲಿಸಿಕೊಂಡು, ಒಂದು ಕಡೆಗೆ ಸ್ವಲ್ಪ ವಾಲಿಕೊಂಡೇ ನಿಲ್ಲುತ್ತಿದ್ದರು. ನಿಂತ ನೆಲ ಯಾವ ಗಳಿಗೆಯಲ್ಲಿ ಬ್ರೇಕ್ ಹಾಕುತ್ತದೋ ಎಂಬ ಅನುಮಾನ ಅವರಿಗೆ ಕೊನೆಯವರೆಗೂ ಹೋಗಲಿಲ್ಲ.

ನನ್ನದು ನರಸೀಪುರದ ಬಸ್ ಸ್ಟ್ಯಾಂಡ್ ಹತ್ತಿರ ಒಂದು ಮೆಡಿಕಲ್ ಸ್ಟೋರ್. ಒಂದು ಮಧ್ಯಾಹ್ನ ಅವರು ಬಂದು ಕೌಂಟರಿನ ಮುಂದೆ ನಿಂತು, ಗಿರಾಕಿಗಳೆಲ್ಲ ಹೋಗುವ ತನಕ ಕಾದು, “ಮಾತ್ರೆ ಡಬ್ಬಿಯೊಳಗೆ ಸಣ್ಣ ಚೀಲ ಬತ್ತದಲ್ಲ ಸಾ, ತಿನ್ಬೇಡಿ ಅಂತ ಬರ್ದಿರ್ತದೆ, ಅದ ಎಸೀತೀರಾ?” ಎಂದು ಕೇಳಿದರು. ಎಸೆಯುತ್ತೇವೆ ಅಂದೆ. “ಎಸೀಬ್ಯಾಡಿ, ನಂಗೆ ಬೇಕು.” ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ತಲೆ ಕೆಟ್ಟವರೆಲ್ಲ ನನ್ನ ಅಂಗಡಿಗೇ ಯಾಕೆ ಬರುತ್ತಾರೋ ಅಂದುಕೊಂಡು, “ತಿನ್ನಬೇಡಿ ಅಂತ ಬರೆದಿರೋದನ್ನ ನೀವೇ ಓದಿದ್ದೀರಲ್ಲ” ಅಂದೆ. ಅವರು ನಗಲಿಲ್ಲ. “ತಿನ್ನಾಕಲ್ಲ ಸಾ. ಅದು ತ್ಯಾವ ಕುಡೀತದೆ. ನಮ್ಮನೆ ಒಳೆ ಅತ್ರ ಅದೆ. ಮಳೆಗಾಲ್ದಲ್ಲಿ ಗೋಡೆ ಬೆವರ್ತದೆ. ಕಾಸ್ಗೆ ಆಗಾಕಿಲ್ಲ.”

ಅಂದಿನಿಂದ ಆ ಚೀಲಗಳನ್ನು ಒಂದು ಹಾರ್ಲಿಕ್ಸ್ ಬಾಟಲಿಗೆ ತುಂಬಿಡುವುದು ನನ್ನ ಕೆಲಸವಾಯಿತು. ಹದಿನೈದು ದಿನಕ್ಕೊಮ್ಮೆ ಬಂದು ಒಯ್ಯುತ್ತಿದ್ದರು. ನನ್ನ ಹೆಸರು ಕೇಳಿ ತಿಳಿದುಕೊಂಡರೂ ಕರೆಯುತ್ತಿದ್ದದ್ದು ಮಾತ್ರ ‘ಮೆಡಿಕಲ್ಲು’ ಎಂದು. ‘ಸಾ’ ಹೋಗಿ ‘ಮೆಡಿಕಲ್ಲು’ ಬರುವುದಕ್ಕೆ ಮೂರು ತಿಂಗಳು ಹಿಡಿಯಿತು, ಏಕವಚನ ಬರುವುದಕ್ಕೆ ಇನ್ನೊಂದು ತಿಂಗಳು.

ಒಂದು ಭಾನುವಾರ ಅವರ ಮನೆಗೆ ಹೋದೆ. ಬೀರುವಿನಲ್ಲಿ ನಾಲ್ಕು ಆಲ್ಬಮ್‌ಗಳನ್ನು ಶಾಲೆಯ ಪುಸ್ತಕಗಳ ಹಾಗೆ ನೆಟ್ಟಗೆ ನಿಲ್ಲಿಸಿದ್ದರು. ಒಂದರ ಮೇಲೊಂದು ಪೇರಿಸಿದರೆ ಕೆಳಗಿನದರ ನಾಣ್ಯಗಳು ಒಂದಕ್ಕೊಂದು ಒತ್ತಿಕೊಂಡು ಗೀರು ಬೀಳುತ್ತವಂತೆ. ಒಂದೊಂದು ನಾಣ್ಯವೂ ಒಂದು ಬಿಳಿ ರಟ್ಟಿನ ಚೌಕದೊಳಗೆ ಕೂತಿತ್ತು. ಚೌಕದ ನಡುವೆ ದುಂಡನೆಯ ಕಿಟಕಿ, ಕಿಟಕಿಗೆ ತೆಳ್ಳನೆಯ ಗರಿಗರಿ ಹಾಳೆ, ಮೂರು ಕಡೆ ಸ್ಟೇಪ್ಲರ್ ಪಿನ್ನು. ಪಿನ್ನಿನ ಹಿಂಭಾಗವನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿದ್ದರು, ಪಕ್ಕದ ನಾಣ್ಯಕ್ಕೆ ತಗಲಬಾರದೆಂದು. ಎಲ್ಲದಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ರಟ್ಟಿನ ಮೇಲೆ ಪೆನ್ಸಿಲ್ಲಿನಲ್ಲಿ ಬರೆದಿದ್ದ ಸಣ್ಣ ಅಕ್ಷರಗಳು. ಇಸವಿ, ಯಾವ ಟಂಕಸಾಲೆ ಎಂಬುದರ ಕೆಳಗೆ ಬಸ್ ಸ್ಟಾಪಿನ ಹೆಸರು. “ತಾಂಡವಪುರ. ಮುದುಕಿ. ಕೋಳಿ ಇತ್ತು.” “ಹೆಮ್ಮಿಗೆ. ಮದುವೆ ಗಂಡು, ತುಂಬ ಬೆವರಿದ್ದ.” “ನರಸೀಪುರ. ಜಗಳಗಂಟ.”

ಟಿಕೆಟ್ ಹರಿದು ಕೊಟ್ಟಾಗ ಕೈಗೆ ಬಂದ ಚಿಲ್ಲರೆಯಲ್ಲಿ ವಿಶೇಷವಾದದ್ದು ಕಂಡರೆ ತಮ್ಮ ಜೇಬಿನ ನಾಣ್ಯ ಹಾಕಿ ಅದನ್ನು ಎತ್ತಿಟ್ಟುಕೊಳ್ಳುತ್ತಿದ್ದರಂತೆ. ಹಾಗೆ ಬಂದವು ಎಲ್ಲ. ಬೆಲೆ ಕಟ್ಟುವವರ ಲೆಕ್ಕದಲ್ಲಿ ಅಂಥ ದೊಡ್ಡ ಸಂಗ್ರಹವೇನಲ್ಲ. ಆದರೆ ಯಾವ ಹಾಳೆ ತೆಗೆದರೂ ಅವರು ಆ ಬಸ್ಸಿನೊಳಕ್ಕೆ ಹತ್ತಿಬಿಡುತ್ತಿದ್ದರು. “ಈ ಜಗಳಗಂಟ ಅವ್ನಲ್ಲ, ಎಂಟಾಣೆ ಚಿಲ್ರೆಗೆ ಮೂರು ಸ್ಟಾಪು ಬೈಕಂಡು ಬಂದ. ಕೊನೆಗಿಳಿಯೋವಾಗ ಇದ ಕೈಗಾಕಿ, ‘ಮಡೀಕ ವೋಗು, ನಿನ್ ಅಪ್ಪನ ಕಾಲದ್ದು’ ಅಂದ. ನೋಡಿದ್ರೆ ನಿಜ್ವಾಗ್ಲೂ ನಮ್ಮಪ್ಪನ ಕಾಲದ್ದೇಯ!”

ಇಷ್ಟು ಜೋಪಾನ ಹುಟ್ಟಿನಿಂದ ಬಂದದ್ದಲ್ಲ. ಅವರ ಮೊದಲನೆಯ ಆಲ್ಬಮ್ ಬೇರೆ ಇತ್ತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಮೈಸೂರಿನ ದಸರಾ ವಸ್ತುಪ್ರದರ್ಶನದಲ್ಲಿ ಕೊಂಡದ್ದು. ಕೆಂಪು ರಟ್ಟು, ಚಿನ್ನದ ಬಣ್ಣದ ಅಕ್ಷರ, ಒಳಗೆ ಬೆಣ್ಣೆಯಂಥ ಮೆತ್ತನೆಯ ಪ್ಲಾಸ್ಟಿಕ್ ಜೇಬುಗಳು, ಅದೇ ಹೊಸ ಬಸ್ಸಿನ ಸೀಟಿನ ವಾಸನೆ. ಮೊದಲ ಹತ್ತು ವರ್ಷದ ನಾಣ್ಯಗಳನ್ನೆಲ್ಲ ಅದರಲ್ಲಿ ತುಂಬಿ, ಟ್ರಂಕಿನಲ್ಲಿಟ್ಟು ಬೀಗ ಹಾಕಿ ನೆಮ್ಮದಿಯಾಗಿದ್ದರು. ಮಗಳ ನಾಮಕರಣಕ್ಕೆ ಬಂದ ನೆಂಟರಿಗೆ ತೋರಿಸಲೆಂದು ತೆಗೆದರೆ ತಾಮ್ರದ ಕಾಸು, ಕಮಲದ ಹೂವಿನ ಇಪ್ಪತ್ತು ಪೈಸೆ ಎಲ್ಲದರ ಮೇಲೂ ಹಸಿರು ಜಿಗುಟು. ಆ ಪ್ಲಾಸ್ಟಿಕ್ಕೇ ಒಳಗೊಳಗೆ ಕರಗಿ ಲೋಹವನ್ನು ತಿಂದಿತ್ತು. ಒರೆಸಿದರೆ ಜಿಗುಟು ಹೋಯಿತು, ಅದರ ಜೊತೆ ಇಸವಿಯೂ ಹೋಯಿತು. “ಬೀಗ ಆಕಿದ್ರೆ ಕಳ್ರು ಒಳಗೆ ಬರಾಕಿಲ್ಲ ಅಂತಿದ್ದೆ. ಕಳ್ಳನ್ನೇ ಒಳಗಿಟ್ಟು ಬೀಗ ಆಕಿದ್ನಲ್ಲ ಮೆಡಿಕಲ್ಲು” ಎಂದು ಅವರು ಹೇಳಿದಾಗ ನನಗೆ ನಗು ಬಂತು. ಅವರಿಗೆ ಬರಲಿಲ್ಲ. ಆ ಹತ್ತು ವರ್ಷದ ಪ್ರಯಾಣಿಕರು ಯಾರೂ ಅವರ ನೆನಪಿನಲ್ಲಿ ಉಳಿದಿರಲಿಲ್ಲ.

ನನಗೂ ಹುಚ್ಚು ಹತ್ತಿತು. ಅಂಗಡಿಯ ಗಲ್ಲಾದಲ್ಲಿ ಸಿಕ್ಕ ಹಳೆಯ ಐದು ಪೈಸೆ, ಹತ್ತು ಪೈಸೆ ಸೇರಿಸಿಕೊಂಡು ಆಲ್ಬಮ್ ಆರಿಸಲು ಅವರ ಬೆನ್ನಿಗೆ ಬಿದ್ದೆ. ಅದೊಂದು ಮದುವೆಗೆ ಹೆಣ್ಣು ನೋಡಿದಷ್ಟೇ ದೊಡ್ಡ ಕಾರ್ಯಕ್ರಮ. ಹಾಳೆಯನ್ನು ಬೆರಳಿನಿಂದ ಬಗ್ಗಿಸಿದರೆ ಹಪ್ಪಳದ ಹಾಗೆ ಸದ್ದು ಬರಬೇಕು. ಮೆತ್ತಗೆ ಬಾಗಿದರೆ ಬೇಡ. ಒಂದೇ ನಾಣ್ಯ ಹಿಡಿಯುವ ದುಂಡನೆಯ ಗಟ್ಟಿ ಡಬ್ಬಿಯಾದರೆ ನಾಣ್ಯ ಹಾಕಿ ಕಿವಿಯ ಹತ್ತಿರ ಅಲ್ಲಾಡಿಸಬೇಕು. ಗಲಗಲ ಅಂದರೆ ಅಳತೆ ದೊಡ್ಡದಾಯಿತು, ಓಡಾಡಿ ಅಂಚು ಸವೆಯುತ್ತದೆ. ರಟ್ಟಿನ ಮೇಲೆ ಬರೆಯುವುದಿದ್ದರೆ ನಾಣ್ಯ ಇಡುವ ಮೊದಲೇ ಬರೆಯಬೇಕು, ಅದೂ ಪೆನ್ಸಿಲ್ಲಿನಲ್ಲಿ. ನಾನು ಒಮ್ಮೆ ಅವರಿಗೆ ತಿಳಿಸದೆ ಮೊಬೈಲಿನಲ್ಲಿ ಚರ್ಮದ ಹೊದಿಕೆಯ ಆಲ್ಬಮ್ ತರಿಸಿದೆ. ಜಂಬದಿಂದ ಮುಂದಿಟ್ಟೆ. ಮೂಸಿದರು. “ಮದ್ವೆ ಫೋಟೋ ಆಕ್ಕ, ಚೆನ್ನಾಗಿರ್ತದೆ” ಎಂದು ಹಿಂದಕ್ಕೆ ಕೊಟ್ಟರು. ಎರಡು ದಿನ ನಾನು ಅವರ ಫೋನ್ ಎತ್ತಲಿಲ್ಲ.

ಅವರಿಗೆ ಸಕ್ಕರೆ ಕಾಯಿಲೆ ಇತ್ತು. ಮಾತ್ರೆ ನನ್ನ ಅಂಗಡಿಯಿಂದಲೇ ಹೋಗುತ್ತಿದ್ದುದರಿಂದ ಅದು ಏರುತ್ತಿದ್ದದ್ದು ನನಗೆ ಗೊತ್ತಾಗುತ್ತಿತ್ತು. ಎಪ್ಪತ್ತು ದಾಟಿದ ಮೇಲೆ ಅವರನ್ನು ಕೊರೆಯುತ್ತಿದ್ದದ್ದು ಒಂದೇ ಮಾತು: ತಾವು ಹೋದ ಮೇಲೆ ಈ ನಾಲ್ಕು ಆಲ್ಬಮ್‌ಗಳನ್ನು ಯಾರು ನೋಡಿಕೊಳ್ಳುತ್ತಾರೆ? ಮಾರುವವರಿಗೆ, ಕರಗಿಸುವವರಿಗೆ ಸಿಗಬಾರದು. ತೊಳೆಯುವವರಿಗಂತೂ ಸಿಗಲೇಬಾರದು, ಹಳೆಯ ಬಣ್ಣ ಹೋದರೆ ನಾಣ್ಯ ಕೆಟ್ಟ ಹಾಗೆಯೇ ಎನ್ನುತ್ತಿದ್ದರು. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು. ಮಗಳು ಶೈಲಜ ಅದೇ ಮನೆಯ ಮುಂಭಾಗದಲ್ಲಿ ಟೈಲರಿಂಗ್ ಅಂಗಡಿ ಇಟ್ಟುಕೊಂಡಿದ್ದರು. ತಂದೆಯ ಮೇಲೆ ಪ್ರಾಣ, ಆದರೆ ಮಾತು ನೇರ. “ನಂಗೆ ಬ್ಯಾಡಪ್ಪ. ಆಮೇಲೆ ನಾನೂ ಅದ ಮೂಸ್ಕಂಡು ಕೂತ್ಕಬೇಕು” ಎಂದುಬಿಟ್ಟಿದ್ದರು.

ಹಾಗಾಗಿ ಎಲ್ಲರ ಕಣ್ಣೂ ನನ್ನ ಮೇಲೆ. ಎಲ್ಲರ ಅಂದರೆ ನನ್ನದೂ ಸೇರಿ. ನನಗೆ ಆ ಆಲ್ಬಮ್‌ಗಳು ಬೇಕಿದ್ದವು. ಮುಚ್ಚಿಡುವುದೇಕೆ, ಬಹಳ ಆಸೆಯಿತ್ತು. ಗುರುಸ್ವಾಮಿಯವರು ಹೂಂ ಎನ್ನಲೂ ಇಲ್ಲ, ಉಹೂಂ ಎನ್ನಲೂ ಇಲ್ಲ. ಒಂದು ದಿನ ಅಂಗಡಿಗೆ ಬಂದು ಕಾಲಾಣೆಯ ತಾಮ್ರದ ಕಾಸೊಂದನ್ನು ಗಟ್ಟಿ ಡಬ್ಬಿಯಲ್ಲಿಟ್ಟು ನನ್ನ ಮುಂದೆ ಇಟ್ಟರು. ಆ ತಾಂಡವಪುರದ ಕೋಳಿ ಮುದುಕಿಯದು. ಟಿಕೆಟ್ಟಿಗೆ ಚಿಲ್ಲರೆ ಸಾಲದೆ ಕೊಟ್ಟಿದ್ದಳಂತೆ, ಇದು ಈಗ ನಡೆಯಲ್ಲ ಅಂದದ್ದಕ್ಕೆ “ನಮ್ ಕಾಲ್ದಲ್ಲಿ ನಡೀತಿತ್ತಲ್ಲ ಮಗ” ಅಂದಿದ್ದಳಂತೆ. ನೂರು ವರ್ಷ ಕೈಯಿಂದ ಕೈಗೆ ಹೋಗಿ ಹುರಿದ ಹುಣಸೆಬೀಜದ ಬಣ್ಣ ಬಂದಿತ್ತು. “ಒಂದ್ ವರ್ಸ ಮಡೀಕ. ಈಗ ಎಂಗದೋ ಅಂಗೇ ವಾಪಸ್ ತಂದ್ಕೊಡು. ಆಮೇಲೆ ಮಾತಾಡಣ” ಅಂದರು.

ಇದೂ ಒಂದು ಪರೀಕ್ಷೆಯೇ ಎಂದು ನಾನು ಒಳಗೇ ನಕ್ಕೆ. ಮಲಗುವ ಕೋಣೆಯ ಬೀರುವಿನ ಮೇಲಿನ ಖಾನೆಯಲ್ಲಿಟ್ಟೆ. ಜೊತೆಗೆ ಎರಡು ತಿನ್ನಬೇಡಿ ಚೀಲವನ್ನೂ ಇಟ್ಟೆ. ಹನ್ನೊಂದು ತಿಂಗಳು ಅದು ಅಲ್ಲೇ ಇತ್ತು.

ಹನ್ನೊಂದನೆಯ ತಿಂಗಳಲ್ಲಿ ಆಯುಧಪೂಜೆ ಬಂತು. ನಮ್ಮ ಕಡೆ ಆಯುಧಪೂಜೆಯ ಹಿಂದಿನ ದಿನ ಮನೆಯಲ್ಲಿ ಲೋಹ ಅನ್ನಿಸಿಕೊಂಡದ್ದೆಲ್ಲ ಹುಣಸೆಹಣ್ಣಿನ ಕೈಗೆ ಸಿಕ್ಕಲೇಬೇಕು. ಕತ್ತರಿ, ಕುಡುಗೋಲು, ಬೀಗ, ತಕ್ಕಡಿ, ಸೈಕಲ್ಲಿನ ಬೆಲ್ಲು, ಯಾವುದಕ್ಕೂ ಬಿಡುಗಡೆಯಿಲ್ಲ. ನಮ್ಮ ಅವ್ವ ಹೆಮ್ಮಿಗೆಯವಳು, ಈ ವಿಷಯದಲ್ಲಿ ಬಲು ಕಟ್ಟುನಿಟ್ಟು. ಪೂಜೆಯ ದಿನ ಮಧ್ಯಾಹ್ನ ನಾನು ಅಂಗಡಿ ಮುಚ್ಚಿ ಮನೆಗೆ ಬಂದಾಗ ದೇವರ ಮುಂದಿನ ಮಣೆಯ ಮೇಲೆ ಎಲ್ಲವೂ ಸಾಲಾಗಿ ಕೂತು ಅರಿಶಿನ ಕುಂಕುಮ ಇಟ್ಟುಕೊಂಡಿದ್ದವು. ಬೀರುವಿನ ಬೀಗದ ಕೈಗೊಂಚಲಿನ ಪಕ್ಕದಲ್ಲಿ ಕಾಲಾಣೆ ಫಳಫಳ ಹೊಳೆಯುತ್ತಿತ್ತು. “ಅದೇನ್ಲಾ ಅಷ್ಟು ಕರ್ರಗೆ ಮಡೀಕಂಡಿದ್ದೆ, ದೇವ್ರಂಥ ದುಡ್ಡ? ತಿಕ್ಕಿ ತಿಕ್ಕಿ ನನ್ ಕೈ ಬಿದ್ದೋಯ್ತು” ಅಂದಳು ಅವ್ವ, ಮೆಚ್ಚುಗೆಗೆ ಕಾಯುತ್ತ.

ನಾನು ಆಡಬಾರದ ಮಾತೆಲ್ಲ ಆಡಿದೆ. ಹಬ್ಬದ ದಿನ ಊಟ ಮಾಡದೆ ಎದ್ದೆ. ಸಂಜೆಯ ಹೊತ್ತಿಗೆ ಸುಳ್ಳೊಂದು ಸಿದ್ಧವಾಗಿತ್ತು: ಕಾಸು ಕಳೆದುಹೋಯಿತು ಅಂತ ಹೇಳುವುದು. ಕಳೆದುಹೋದದ್ದಕ್ಕೆ ಯಾರೂ ಹೊಣೆಯಲ್ಲವಲ್ಲ. ಅವ್ವನಿಗೂ ಹಾಗೇ ಹೇಳಿಕೊಟ್ಟೆ. ಅವಳು ಕೇಳಿಸಿಕೊಂಡಳು. ವಿಜಯದಶಮಿಯ ಮಾರನೆಯ ದಿನ ನಾನು ಅಂಗಡಿಗೆ ಹೋದ ಮೇಲೆ, ಕಾಸನ್ನು ಎಲೆಅಡಿಕೆ ಚೀಲದಲ್ಲಿ ಹಾಕಿಕೊಂಡು, ಹೇಗೂ ಹೆಂಗಸರಿಗೆ ಬಸ್ಸು ಪುಕ್ಕಟೆ ಅಂತ ಆಧಾರ್ ಕಾರ್ಡು ಹಿಡಿದುಕೊಂಡು ಒಬ್ಬಳೇ ನಂಜನಗೂಡಿನ ಬಸ್ಸು ಹತ್ತಿದ್ದಳು.

ಅಲ್ಲಿ ನಡೆದದ್ದನ್ನು ಆಮೇಲೆ ಶೈಲಜ ನನಗೆ ಹೇಳಿದರು. ಅವ್ವ ಬಾಗಿಲಲ್ಲೇ ನಿಂತು, “ನರಸೀಪುರದ ಮೆಡಿಕಲ್ನವ್ನ ತಾಯಿ ಕಣಪ್ಪ ನಾನು. ನಿಮ್ ಕಾಸ ನಾನೇ ತಿಕ್ಕಿದ್ದು. ಅವ್ನದೇನೂ ತಪ್ಪಿಲ್ಲ. ಅಬ್ಬ ಅಂತ ಉಣ್ಸೆಣ್ಣು ಆಕ್ಬುಟ್ಟೆ. ಕಳ್ದೋಯ್ತು ಅಂತ ಏಳು ಅಂದ. ನನ್ ಕೈಲಾಗ್ಲಿಲ್ಲ” ಎಂದಳಂತೆ. ಗುರುಸ್ವಾಮಿಯವರು ಕಾಸನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರಂತೆ. “ಸತ್ತೋಯ್ತು ಕಣವ್ವ” ಅಂದರಂತೆ. ಅವ್ವ ಅಳುವುದಕ್ಕೆ ಶುರುಮಾಡಿದ ಮೇಲೆ ಕೂರಿಸಿ, ಕಾಫಿ ತರಿಸಿ, ಆ ಕಾಸಿನ ಹಳೆಯ ಬಿಳಿ ಚೌಕ ತೆಗೆದು, ತಾಂಡವಪುರದ ಮುದುಕಿಯ ಕೆಳಗೆ ಇನ್ನೊಂದು ಸಾಲು ಬರೆದರು: “ನರಸೀಪುರ. ಆಯುಧಪೂಜೆ. ಹುಣಸೆಹಣ್ಣು.” ಬರೆದು, ಕಾಸಿಟ್ಟು, ಪಿನ್ನು ಹೊಡೆದು ಆಲ್ಬಮಿನ ಅದೇ ಜಾಗಕ್ಕೆ ಸೇರಿಸಿದರು.

ನನಗೆ ಫೋನು ಬಂದದ್ದು ಸಂಜೆಗೆ. ಅಷ್ಟರಲ್ಲಿ ಅವ್ವ ಹೋಗಿಬಂದದ್ದು ತಿಳಿದಿತ್ತು, ಬೈಗುಳಕ್ಕೆ ತಯಾರಾಗಿ ಎತ್ತಿದೆ. “ಮೆಡಿಕಲ್ಲು, ಕಾಸು ಕಳ್ದೋಯ್ತಂತಲ್ಲ” ಎಂದರು. ನಾನು ಹಾರ್ಲಿಕ್ಸ್ ಬಾಟಲಿಯ ಮುಚ್ಚಳ ಬಿಗಿ ಮಾಡಿದೆ. “ಸಿಕ್ತು ಬುಡು” ಅಂದು ಇಟ್ಟುಬಿಟ್ಟರು. ಬೈದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು.

ಆಮೇಲೆ ಅವ್ವ ತಿಂಗಳಿಗೆರಡು ಸಲವಾದರೂ ನಂಜನಗೂಡಿಗೆ ಹೋಗತೊಡಗಿದಳು. ಕೇಳಿದರೆ “ದೇವಸ್ಥಾನಕ್ಕೆ” ಅನ್ನುತ್ತಿದ್ದಳು. ದೇವಸ್ಥಾನಕ್ಕೂ ಹೋಗುತ್ತಿದ್ದಳು, ಸುಳ್ಳಲ್ಲ. ಉಳಿದ ಹೊತ್ತು ಗುರುಸ್ವಾಮಿಯವರ ಎದುರು ಕೂತು ಆಲ್ಬಮಿನ ಹಾಳೆ ತಿರುಗಿಸುವುದು. ಅವಳಿಗೆ ಓದು ಬರಹವಿಲ್ಲ. ಅದಕ್ಕೇ ಅವರು ಒಂದೊಂದೂ ಬಾಯಲ್ಲೇ ಹೇಳಿಕೊಡುತ್ತಿದ್ದರು. ಇಸವಿಯ ಕೆಳಗೆ ನಕ್ಷತ್ರ ಇದ್ದರೆ ಹೈದರಾಬಾದು, ವಜ್ರ ಇದ್ದರೆ ಬೊಂಬಾಯಿ, ಚುಕ್ಕಿ ಇದ್ದರೆ ನೋಯಿಡಾ, ಬೋಳಾಗಿದ್ದರೆ ಕಲ್ಕತ್ತ. ಐವತ್ತು ವರ್ಷ ಬಾಗಿಲಿಗೆ ರಂಗೋಲಿ ಹಾಕಿದವಳಿಗೆ ಚುಕ್ಕಿ ನಕ್ಷತ್ರ ಎಷ್ಟು ಹೊತ್ತಿನ ಕೆಲಸ? ನನಗೆ ಭೂತಗನ್ನಡಿ ಬೇಕಿತ್ತು, ಅವಳು ಕನ್ನಡಕವಿಲ್ಲದೆ ಹೇಳುತ್ತಿದ್ದಳು. ಒಂದು ದಿನ ಮನೆಯಲ್ಲಿ ಬಟಾಣಿ ಕಟ್ಟಿಕೊಂಡು ಬಂದ ಪ್ಲಾಸ್ಟಿಕ್ ಕವರನ್ನು ಮೂಸಿ ನೋಡುತ್ತಿದ್ದುದನ್ನು ಕಂಡು ನನಗೆ ಗಾಬರಿಯಾಯಿತು.

ಗಾಬರಿ ಎಂದೆ. ಹೊಟ್ಟೆಕಿಚ್ಚು ಅನ್ನುವುದೇ ಸರಿ. ಹುಣಸೆಹಣ್ಣು ಹಾಕಿದವಳಿಗೆ ಕಾಫಿ, ಪಾಠ. ಹಾರ್ಲಿಕ್ಸ್ ಬಾಟಲಿ ತುಂಬಿದವನಿಗೆ ಬರೀ ‘ಚೆನ್ನಾಗಿದ್ದೀಯಾ ಮೆಡಿಕಲ್ಲು’. ಹಟಕ್ಕೆ ಬಿದ್ದು ಮನೆಗೆ ಹೊಸ ಸ್ಟೀಲ್ ಬೀರು ತಂದೆ. ನಾಲ್ಕು ಆಲ್ಬಮ್ ನೆಟ್ಟಗೆ ನಿಲ್ಲುವಷ್ಟು ಒಂದು ಖಾನೆಯನ್ನು ಖಾಲಿ ಬಿಟ್ಟೆ.

ಕೊನೆಯ ಸಲ ನಾನು ಅವರನ್ನು ನೋಡಿದ್ದು ಕಾಲಿನ ಬೆರಳು ತೆಗೆಸಿ ಆಸ್ಪತ್ರೆಯಿಂದ ಬಂದ ಮೇಲೆ. ಅವ್ವನೂ ಜೊತೆಗಿದ್ದಳು. ಮಂಚದ ಮೇಲೆ ದಿಂಬಿಗೊರಗಿ ಕೂತಿದ್ದರು, ಸಣ್ಣಗಾಗಿದ್ದರು. ಕಿಟಕಿಯಿಂದ ಬಿಸಿಲು ಬೀಳುತ್ತಿತ್ತು. ಸುತ್ತು ಬಳಸು ಇಲ್ಲದೆ ವಿಷಯಕ್ಕೆ ಬಂದರು. “ಆಲ್ಬಮ್ ವಿಚಾರ ತೀರ್ಮಾನ ಮಾಡ್ಬುಟ್ಟೆ. ನಾನು ಇರೋಗಂಟ ಇಲ್ಲೇ ಇರ್ಲಿ. ಆಮೇಲೆ ಅವ್ವ ಬಂದು ತಗಂಡೋಗ್ಲಿ. ಶೈಲಜಂಗೂ ಏಳಿವ್ನಿ.”

ಅವ್ವ ಬೆಚ್ಚಿಬಿದ್ದು, “ನಂಗ್ಯಾಕಪ್ಪ? ಅವ್ನಿಗೆ ಕೊಡಿ, ಓದಿರೋನು” ಅಂದಳು.

“ಓದಿರೋನೇ” ಎಂದರು ಅವರು ನನ್ನ ಕಡೆ ತಿರುಗಿ. “ಬೇಜಾರ್ ಮಾಡ್ಕಬ್ಯಾಡ ಕಣ್ಲಾ. ನೀನು ಚೆನ್ನಾಗಿ ಮಡೀಕತೀಯ, ಅದ್ರಲ್ಲಿ ಮಾತಿಲ್ಲ. ಆದ್ರೆ ಕೆಟ್ರೆ ಕೆಡ್ತು ಅಂತ ಏಳಾಕಿಲ್ಲ ನೀನು. ಕಳ್ದೋಯ್ತು ಅಂತೀಯ. ಅವ್ವ ಕೆಟ್ಟಿದ್ದ ಕೈಲಿ ಇಡ್ಕಂಡು ಬಂದ್ಳು. ಮಡೀಕಳೋರ್ಗೆ ಬೇಕಾಗಿರೋದು ಅದು.”

ಹಿಂದಿರುಗುವಾಗ ಬಸ್ಸಿನಲ್ಲಿ ಅವ್ವ ಕಿಟಕಿಯ ಪಕ್ಕ ಕೂತಳು, ನಾನು ಎರಡು ಸೀಟು ಹಿಂದೆ ಹೋಗಿ ಕೂತೆ. ಒಂದು ವಾರ ಸರಿಯಾಗಿ ಮಾತಾಡಲಿಲ್ಲ. ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತದೆ. ಆದರೆ ಅವರು ಹೇಳಿದ್ದು ನಿಜವಾಗಿತ್ತು, ಅದಕ್ಕೇ ಅಷ್ಟು ನೋವಾದದ್ದು.

ಎರಡು ತಿಂಗಳ ನಂತರ ಒಂದು ಬೆಳಿಗ್ಗೆ ಅಂಗಡಿ ತೆರೆಯುತ್ತಿದ್ದಾಗ ಶೈಲಜ ಫೋನ್ ಮಾಡಿದರು. ನಾನೂ ಅವ್ವನೂ ಹೋಗುವಷ್ಟರಲ್ಲಿ ಹೆಡತಲೆಯಿಂದ ನೆಂಟರು ಬಂದಿದ್ದರು. ಟೈಲರಿಂಗ್ ಮೆಷಿನ್ನನ್ನು ಬೀದಿಗಿಟ್ಟು ಮುಂದಿನ ಕೋಣೆಯಲ್ಲಿ ಗುರುಸ್ವಾಮಿಯವರನ್ನು ಮಲಗಿಸಿದ್ದರು. ಸ್ನಾನವಾಗಿತ್ತು. ಅವರ ದೊಡ್ಡಪ್ಪನ ಮಗ, ಬಿಳಿಮೀಸೆಯ ಹಿರಿಯರು, ಶಾಸ್ತ್ರಗಳನ್ನೆಲ್ಲ ಹೇಳಿ ಮಾಡಿಸುತ್ತಿದ್ದರು. “ಅಣೆಗೆ ಒಂದ್ ಕಾಸು ತತ್ತಾ ಮಗ” ಎಂದರು. ಶೈಲಜ ಪರ್ಸು ಹುಡುಕಲು ಎದ್ದರು. “ಪರ್ಸ್ಯಾಕೆ? ಬೀರು ತುಂಬ ಮಡೀಕಂಡಿದ್ನಲ್ಲ ಜೀವಮಾನವೆಲ್ಲ. ಅದ್ರಲ್ಲೇ ಒಂದ ತಗೀರಿ. ಅವ್ನ ಕಾಸು ಅವ್ನ ಜೊತೆ ಓಗ್ಲಿ.”

ಯಾರೋ ಬೀರು ತೆರೆದು ಆಲ್ಬಮ್ ತಂದುಕೊಟ್ಟರು. ಹಿರಿಯರು ಅದನ್ನು ಮೊಣಕಾಲಿನ ಮೇಲಿಟ್ಟುಕೊಂಡು, ಮೊದಲು ಸಿಕ್ಕ ಚೌಕವನ್ನು ಎಳೆದು, ಪಿನ್ನಿನ ಕೆಳಗೆ ಉಗುರು ತೂರಿಸಿದರು. ನಾನು ಸುಮ್ಮನೆ ನಿಂತಿದ್ದೆ. ನಿಜ ಹೇಳಬೇಕೆಂದರೆ ಅವರ ಮಾತು ನನಗೂ ಸರಿಯೆಂದೇ ಅನ್ನಿಸಿತ್ತು. ಅವ್ವ ಹೆಂಗಸರ ಸಾಲಿನಿಂದ ಎದ್ದು ಬಂದು ಅವರ ಮುಂದೆ ಕುಕ್ಕರಗಾಲಲ್ಲಿ ಕೂತಳು.

“ಬುಡಣ್ಣ ಅದ. ಕೊಡಿಲ್ಲಿ.”

“ಯಾಕವ್ವ? ಅವ್ನ್ ಕಾಸಲ್ವಾ?”

“ಅವ್ರು ಕಾಯ್ಕಂಡಿದ್ದ ಕಾಸು. ಕೊಟ್ಟೋರು ಬ್ಯಾರೆ ಅವ್ರೆ, ಒಂದೊಂದ್ರ ಮ್ಯಾಲೂ ಬರ್ದವ್ರೆ.” ಅವಳು ಚೌಕವನ್ನು ಅವರ ಉಗುರಿನಿಂದ ಬಿಡಿಸಿಕೊಂಡು, ಇದ್ದ ಜಾಗಕ್ಕೇ ಸೇರಿಸಿ, ಆಲ್ಬಮ್ ಮುಚ್ಚಿ ಮಡಿಲಲ್ಲಿಟ್ಟುಕೊಂಡಳು. ಸೆರಗಿನ ಗಂಟು ಬಿಚ್ಚಿ ಒಂದು ರೂಪಾಯಿ ತೆಗೆದು ಮುಂದೆ ಹಿಡಿದಳು. “ಇದ ಮಡಗಿ.”

ಹಿರಿಯರಿಗೆ ಸಿಟ್ಟು ಬಂದಿತ್ತು. “ಇದೆಲ್ಲ ಏಳಾಕೆ ನೀ ಯಾರವ್ವ? ಅವ್ನಿಗೇನಾಗ್ಬೇಕು ನೀನು?”

ಕೋಣೆಯಲ್ಲಿದ್ದವರೆಲ್ಲ ಅವ್ವನ ಕಡೆ ನೋಡಿದರು.

“ಏನೂ ಆಗ್ಬೇಕಿಲ್ಲ” ಅಂದಳು ಅವ್ವ. “ಅವ್ರದೊಂದು ಕಾಸ ತಿಕ್ಕಿ ಕೆಡಿಸ್ದೋಳು ನಾನು. ಇನ್ನೊಂದ ಕೆಡಾಕೆ ಬುಡಾಕಿಲ್ಲ.”

ಹಿರಿಯರು ಅವಳ ಕೈಯಿಂದ ರೂಪಾಯಿ ತೆಗೆದುಕೊಂಡು ಗುರುಸ್ವಾಮಿಯವರ ಹಣೆಗಿಟ್ಟರು.